ಉತ್ತರಕ್ಕಿಂತ ಮೊದಲು ಬರುವ ಸ್ಲೈಡ್

ಪ್ರೌಢಶಾಲೆಯ ವಿಜ್ಞಾನಕ್ಕೆಂದು ತಯಾರಾಗುವ ಸ್ಲೈಡುಗಳಲ್ಲಿ ಬಹುಪಾಲು ಉತ್ತರಗಳೇ ತುಂಬಿರುತ್ತವೆ. ‘ದ್ಯುತಿಸಂಶ್ಲೇಷಣೆ’ ಅಂತ ದೊಡ್ಡ ಶೀರ್ಷಿಕೆ, ಕೆಳಗೆ ವ್ಯಾಖ್ಯೆ, ಸಮೀಕರಣ, ಬೇಕಾದ ನಾಲ್ಕು ಅಂಶಗಳು, ಮೂಲೆಯಲ್ಲೊಂದು ಎಲೆಯ ಚಿತ್ರ. ಇದೆಲ್ಲ ಪಠ್ಯಪುಸ್ತಕದಲ್ಲೇ ಇದೆ, ಅಲ್ಲಿ ಇನ್ನೂ ಚೆನ್ನಾಗಿಯೇ ಇದೆ. ಅದನ್ನೇ ಪರದೆಯ ಮೇಲೆ ಮೂಡಿಸಿದರೆ ಮಕ್ಕಳಿಗೆ ಉಳಿಯುವ ಕೆಲಸ ಒಂದೇ, ನೋಡಿ ಬರೆದುಕೊಳ್ಳುವುದು. ಬರೆದುಕೊಳ್ಳುತ್ತಿರುವ ಮಗು ಮೇಷ್ಟ್ರ ಮಾತನ್ನು ಕೇಳಿಸಿಕೊಳ್ಳುವುದಿಲ್ಲ, ಚಿತ್ರವನ್ನೂ ನೋಡುವುದಿಲ್ಲ.

ಕರಿಹಲಗೆಗೆ ಇಲ್ಲದ ಕೆಲವು ಅನುಕೂಲಗಳು ಸ್ಲೈಡಿಗೆ ಇವೆ. ನಿಜವಾದ ಫೋಟೊ ತೋರಿಸಬಹುದು. ಅಳತೆಗೆ ಸರಿಯಾಗಿ ಚಿತ್ರ ಬರೆದಿಟ್ಟುಕೊಳ್ಳಬಹುದು. ಒಂದೇ ಚಿತ್ರವನ್ನು ಹಂತಹಂತವಾಗಿ ಬೆಳೆಸಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಉತ್ತರವನ್ನು ಬಚ್ಚಿಟ್ಟುಕೊಂಡು ಬೇಕಾದ ಕ್ಷಣದಲ್ಲಿ ತೆರೆಯಬಹುದು. ಈ ನಾಲ್ಕರಲ್ಲಿ ಒಂದನ್ನೂ ಬಳಸದ ಸ್ಲೈಡ್ ಇದ್ದರೆ ಅದನ್ನು ಅಳಿಸಿ, ವಿಷಯವನ್ನು ಹಲಗೆಯ ಮೇಲೆ ಬರೆಯುವುದೇ ಮೇಲು. ಲೆಕ್ಕ ಬಿಡಿಸುವುದು, ಸೂತ್ರ ಸಾಧಿಸುವುದು, ರಾಸಾಯನಿಕ ಸಮೀಕರಣ ಸರಿದೂಗಿಸುವುದು ಯಾವತ್ತೂ ಹಲಗೆಯ ಕೆಲಸವೇ. ಸೀಮೆಸುಣ್ಣದ ವೇಗಕ್ಕೂ ಮಕ್ಕಳ ಪೆನ್ನಿನ ವೇಗಕ್ಕೂ ಹೊಂದಾಣಿಕೆಯಾಗುತ್ತದೆ. ಆರು ಸಾಲಿನ ಲೆಕ್ಕ ಸ್ಲೈಡಿನಲ್ಲಿ ಒಟ್ಟಿಗೆ ಬಂದು ನಿಂತರೆ, ಮೂರನೆಯ ಸಾಲಿನಿಂದ ನಾಲ್ಕನೆಯದಕ್ಕೆ ಹೇಗೆ ಬಂದೆವು ಅನ್ನುವುದು ಯಾರಿಗೂ ಕಾಣುವುದಿಲ್ಲ.

ಹಾಗಾಗಿ ಒಂದು ಪಾಠಕ್ಕೆ ಸ್ಲೈಡ್ ಮಾಡಲು ಕೂತಾಗ ನಾನು ಮೊದಲು ಹುಡುಕುವುದು ಉತ್ತರಕ್ಕಿಂತ ಮುಂಚೆ ಬರಬೇಕಾದ ಸ್ಲೈಡನ್ನು. ಮಕ್ಕಳು ಏನನ್ನು ನೋಡಿ, ಏನನ್ನು ಊಹಿಸಿ, ಯಾವುದರ ಪರವಾಗಿ ಕೈ ಎತ್ತಬೇಕು? ಅದು ಸಿಕ್ಕಿದರೆ ಉಳಿದದ್ದು ತಾನಾಗಿ ಜೋಡಣೆಯಾಗುತ್ತದೆ.

ಒಂದು ಗಿಡ, ನಾಲ್ಕು ಸ್ಲೈಡ್

ದ್ಯುತಿಸಂಶ್ಲೇಷಣೆಯನ್ನೇ ತೆಗೆದುಕೊಳ್ಳೋಣ. ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಒಂದು ವಿಲ್ಲೊ ಗಿಡವನ್ನು 5 ವರ್ಷ ಕುಂಡದಲ್ಲಿ ಬೆಳೆಸಿ ತೂಗಿದ ಪ್ರಯೋಗ 1648ರಲ್ಲಿ, ಅವನು ತೀರಿಕೊಂಡ ಮೇಲೆ, ಪ್ರಕಟವಾಯಿತು. ಒಣಮಣ್ಣು 200 ಪೌಂಡು, ಅಂದರೆ ಸುಮಾರು 90 ಕಿಲೊ. ನೆಟ್ಟಾಗ ಗಿಡ 5 ಪೌಂಡು, ಸುಮಾರು 2.3 ಕಿಲೊ. ಐದು ವರ್ಷದ ಮೇಲೆ ಮರ 169 ಪೌಂಡು ಚಿಲ್ಲರೆ, ಸುಮಾರು 77 ಕಿಲೊ. ಮಣ್ಣಿನಲ್ಲಿ ಕಡಿಮೆಯಾಗಿದ್ದು ಸುಮಾರು 2 ಔನ್ಸ್, 57 ಗ್ರಾಮಿನಷ್ಟು. ಅವನು ಹಾಕಿದ್ದು ನೀರು ಮಾತ್ರ.

ಮೊದಲ ಸ್ಲೈಡಿನಲ್ಲಿ ಎರಡು ಚಿತ್ರ ಪಕ್ಕಪಕ್ಕ, ನೆಟ್ಟ ದಿನದ್ದು ಮತ್ತು ಐದು ವರ್ಷದ ನಂತರದ್ದು. ನಾಲ್ಕೇ ಸಂಖ್ಯೆ, ಒಂದೊಂದೂ ಸಂಬಂಧಪಟ್ಟ ಚಿತ್ರದ ಮೇಲೆಯೇ. ಶೀರ್ಷಿಕೆಯ ಜಾಗದಲ್ಲಿ ಪ್ರಶ್ನೆ: ‘ಸುಮಾರು 74 ಕಿಲೊ ಮರ ಎಲ್ಲಿಂದ ಬಂತು?’ ಪಾಠದ ಹೆಸರು ಎಲ್ಲೂ ಬೇಡ. ‘ದ್ಯುತಿಸಂಶ್ಲೇಷಣೆ’ ಅಂತ ಮೇಲೆ ಬರೆದ ಕೂಡಲೇ ಮಕ್ಕಳು ಯೋಚಿಸುವುದನ್ನು ಬಿಟ್ಟು, ಕಲಿತ ವ್ಯಾಖ್ಯೆಯನ್ನು ನೆನಪಿಸಿಕೊಳ್ಳಲು ಶುರುಮಾಡುತ್ತಾರೆ.

ಎರಡನೆಯದರಲ್ಲಿ ಆಯ್ಕೆಗಳು: ಮಣ್ಣು, ನೀರು, ಗಾಳಿ, ಸೂರ್ಯನ ಬೆಳಕು. ಹಿಂದಿನ ತರಗತಿಯಲ್ಲೇ ಸಮೀಕರಣ ಬಾಯಿಪಾಠ ಮಾಡಿದವರೂ ಇಲ್ಲಿ ಮಣ್ಣು ಅನ್ನುತ್ತಾರೆ, ಬೆಳಕು ಅನ್ನುತ್ತಾರೆ. ಬೆಳಕು ಅಂದವರ ಜೊತೆ ಎರಡು ನಿಮಿಷ ನಿಲ್ಲಬೇಕು. ಬೆಳಕು ಕೊಡುವುದು ಶಕ್ತಿ, ತೂಕ ಹೆಚ್ಚಲು ವಸ್ತು ಬೇಕು ಅನ್ನುವ ವ್ಯತ್ಯಾಸ ಬರುವುದೇ ಆ ಎರಡು ನಿಮಿಷದಲ್ಲಿ.

ಮೂರನೆಯದರಲ್ಲಿ ಹೆಲ್ಮಾಂಟನ ತೀರ್ಮಾನ, ‘ಎಲ್ಲವೂ ನೀರಿನಿಂದ’. ಅದರ ಕೆಳಗೆ ಒಂದು ಪ್ರಶ್ನೆ: ‘ಅವನು ತೂಗದೆ ಬಿಟ್ಟದ್ದು ಯಾವುದು?’ ಇಲ್ಲಿ ಸಾಮಾನ್ಯವಾಗಿ ಯಾರಾದರೊಬ್ಬರು ಗಾಳಿ ಅನ್ನುತ್ತಾರೆ. ಅನ್ನದಿದ್ದರೆ ಸ್ಲೈಡನ್ನು ಹಾಗೇ ಬಿಟ್ಟು ಕಾಯಬೇಕು.

ನಾಲ್ಕನೆಯದು ಒಂದು ಪಟ್ಟಿ ನಕ್ಷೆ. ಗಿಡ ತಯಾರಿಸಿಕೊಳ್ಳುವ ಸಕ್ಕರೆ ಗ್ಲೂಕೋಸ್. 180 ಗ್ರಾಂ ಗ್ಲೂಕೋಸ್ ಎಂದರೆ 72 ಗ್ರಾಂ ಕಾರ್ಬನ್, 96 ಗ್ರಾಂ ಆಕ್ಸಿಜನ್, 12 ಗ್ರಾಂ ಹೈಡ್ರೋಜನ್. ಮೊದಲೆರಡು ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ, ಕೊನೆಯದು ನೀರಿನಿಂದ. ಪಟ್ಟಿಯನ್ನು 18 ಸೆಂ.ಮೀ. ಉದ್ದ ಬರೆದರೆ ಒಂದು ಸೆಂ.ಮೀ.ಗೆ 10 ಗ್ರಾಂ ಲೆಕ್ಕ ಸರಿಹೋಗುತ್ತದೆ. 16.8 ಸೆಂ.ಮೀ. ಗಾಳಿಯ ಬಣ್ಣ, ಉಳಿದ 1.2 ಸೆಂ.ಮೀ. ನೀರಿನ ಬಣ್ಣ. ಹಸಿ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ನೀರೇ ಇರುತ್ತದೆ, ಆದ್ದರಿಂದ ಹೆಲ್ಮಾಂಟ್ ಪೂರ್ತಿ ತಪ್ಪೇನಲ್ಲ ಎಂದು ಬಾಯಲ್ಲಿ ಹೇಳಬೇಕು. ಇದನ್ನು ಸ್ಲೈಡಿನಲ್ಲಿ ಬರೆದರೆ ನಕ್ಷೆಯ ಹೊಡೆತ ಕಡಿಮೆಯಾಗುತ್ತದೆ.

ನಾಲ್ಕು ಸ್ಲೈಡಿಗೆ 12ರಿಂದ 15 ನಿಮಿಷ ಹಿಡಿಯುತ್ತದೆ. 40 ನಿಮಿಷದ ಪೀರಿಯಡ್ಡಿಗೆ 8ರಿಂದ 10 ಸ್ಲೈಡ್ ಸಾಕು ಅನ್ನುವುದು ಇದೇ ಲೆಕ್ಕದಿಂದ. ಹಂತಹಂತವಾಗಿ ಬೆಳೆಯುವ ಚಿತ್ರವನ್ನು ಎಷ್ಟೇ ಹಂತವಿದ್ದರೂ ಒಂದೇ ಸ್ಲೈಡ್ ಅಂತ ಎಣಿಸಿಕೊಳ್ಳಿ. 30 ಸ್ಲೈಡ್ ಇಟ್ಟುಕೊಂಡು ಹೋದರೆ ಮುಗಿಸುವ ಆತುರಕ್ಕೆ ಮೊದಲು ಬಲಿಯಾಗುವುದು ಮಕ್ಕಳ ಮಾತು.

ಕಾಯುವುದು, ಕೈ ಎತ್ತಿಸುವುದು

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದರು. ಸರಾಸರಿ ಒಂದು ಸೆಕೆಂಡಿನ ಆಸುಪಾಸು. ಅದನ್ನು 3 ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾದವು, ತಾವಾಗಿ ಬಾಯಿಬಿಡುವ ಮಕ್ಕಳು ಹೆಚ್ಚಾದರು, ‘ಗೊತ್ತಿಲ್ಲ’ ಕಡಿಮೆಯಾಯಿತು. ಸ್ಲೈಡ್ ಬಳಸುವಾಗ ಈ ಒಂದು ಸೆಕೆಂಡಿನ ಚಾಳಿ ಇನ್ನೂ ಕೆಡುತ್ತದೆ, ಏಕೆಂದರೆ ಉತ್ತರ ಬೆರಳ ತುದಿಯಲ್ಲೇ ಇರುತ್ತದೆ. ಅದಕ್ಕೆ ಪ್ರಶ್ನೆಯ ಸ್ಲೈಡಿಗೂ ಉತ್ತರದ ಸ್ಲೈಡಿಗೂ ನಡುವೆ ಪೂರ್ತಿ ಕಪ್ಪಾದ ಒಂದು ಖಾಲಿ ಸ್ಲೈಡ್ ಇಡಿ. ಬೆರಳು ಜಾರಿ ಕ್ಲಿಕ್ ಆದರೂ ಕಾಣುವುದು ಕಪ್ಪು ಪರದೆ. ಚರ್ಚೆ ನಡೆಯುವಾಗ ಕಣ್ಣುಗಳು ಪರದೆಯಿಂದ ಪಕ್ಕದವರ ಕಡೆ ತಿರುಗುವುದಕ್ಕೂ ಅದೇ ಕಪ್ಪು ಸಹಾಯ ಮಾಡುತ್ತದೆ.

‘ಗೊತ್ತಿರುವವರು ಕೈ ಎತ್ತಿ’ ಎಂದರೆ ದಿನಾ ಎತ್ತುವ ನಾಲ್ಕು ಕೈಗಳೇ ಏಳುತ್ತವೆ. ಎಲ್ಲರೂ ಒಂದೇ ಕ್ಷಣದಲ್ಲಿ ಉತ್ತರ ತೋರಿಸಬೇಕು. ಉಪಕರಣವೇನೂ ಬೇಡ. ಆಯ್ಕೆಗಳಿಗೆ 1, 2, 3, 4 ಅಂತ ಸಂಖ್ಯೆ ಕೊಟ್ಟು, ‘ಮೂರು ಎಣಿಸಿದಾಗ ಅಷ್ಟು ಬೆರಳನ್ನು ಎದೆಗೆ ಹಿಡಿದು ತೋರಿಸಿ’ ಎಂದರೆ ಆಯಿತು. ಕೈಯನ್ನು ತಲೆಯ ಮೇಲೆ ಎತ್ತಿದರೆ ಹಿಂದಿನ ಬೆಂಚಿನವರು ನೋಡಿ ಬದಲಿಸಿಕೊಳ್ಳುತ್ತಾರೆ, ಎದೆಯ ಹತ್ತಿರ ಹಿಡಿದದ್ದು ಶಿಕ್ಷಕರಿಗೆ ಮಾತ್ರ ಕಾಣುತ್ತದೆ.

ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಪ್ರೌಢಶಾಲೆಗೂ ಚೆನ್ನಾಗಿ ಒಗ್ಗುತ್ತದೆ. ಮೊದಲು ಒಬ್ಬೊಬ್ಬರೇ ಯೋಚಿಸಿ ಮತ ಹಾಕುವುದು. ಸರಿ ಉತ್ತರ ಶೇಕಡ 30ರಿಂದ 70ರ ನಡುವೆ ಇದ್ದರೆ, ಉತ್ತರ ಹೇಳದೆ, ‘ಪಕ್ಕದವರು ಬೇರೆ ಹೇಳಿದ್ದರೆ ಅವರನ್ನು ಒಪ್ಪಿಸಿ’ ಎಂದು ಎರಡು ಮೂರು ನಿಮಿಷ ಬಿಟ್ಟು ಮತ್ತೆ ಮತ ಹಾಕಿಸುವುದು. ಶೇಕಡ 30ಕ್ಕಿಂತ ಕಡಿಮೆ ಬಂದರೆ ಚರ್ಚೆಯಿಂದ ಪ್ರಯೋಜನವಿಲ್ಲ, ತಪ್ಪೇ ಹರಡುತ್ತದೆ. ಆ ಭಾಗವನ್ನು ಮತ್ತೆ ಪಾಠ ಮಾಡಬೇಕು. 70 ದಾಟಿದರೆ ಒಂದು ಮಾತಿನ ವಿವರಣೆ ಕೊಟ್ಟು ಮುಂದೆ ಹೋಗಬಹುದು.

ಇದೆಲ್ಲ ನಿಂತಿರುವುದು ತಪ್ಪು ಆಯ್ಕೆಗಳ ಗುಣಮಟ್ಟದ ಮೇಲೆ. ಒಂದು ಬ್ಯಾಟರಿ, ಸರಣಿಯಲ್ಲಿ ಜೋಡಿಸಿದ ಒಂದೇ ಥರದ ಎರಡು ಬಲ್ಬು. ಯಾವುದು ಹೆಚ್ಚು ಬೆಳಗುತ್ತದೆ? ‘ಧನ ತುದಿಗೆ ಹತ್ತಿರವಿರುವುದು’ ಎಂಬ ಆಯ್ಕೆ ಇರಲೇಬೇಕು, ಏಕೆಂದರೆ ಮೊದಲ ಬಲ್ಬು ಒಂದಷ್ಟು ವಿದ್ಯುತ್ ಪ್ರವಾಹವನ್ನು ‘ತಿಂದುಬಿಡುತ್ತದೆ’ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ‘ಋಣ ತುದಿಗೆ ಹತ್ತಿರವಿರುವುದು’ ಕೂಡ ಬೇಕು, ಎಲೆಕ್ಟ್ರಾನುಗಳು ಆ ಕಡೆಯಿಂದ ಹೊರಡುತ್ತವೆ ಎಂದು ಕಲಿತವರು ಅದನ್ನು ಹಿಡಿಯುತ್ತಾರೆ. ‘ಎರಡೂ ಸಮ’ ಸರಿ ಉತ್ತರ. ಯಾರೂ ನಂಬದ, ಜಾಗ ತುಂಬಲು ಹಾಕಿದ ನಾಲ್ಕನೆಯ ಆಯ್ಕೆಗಿಂತ ಮೂರೇ ಇರುವುದು ಒಳ್ಳೆಯದು.

ಮತ ಮುಗಿದ ಮೇಲೆ ನಿಜವಾದ ಬಲ್ಬು ಹೊತ್ತಿಸಿ ತೋರಿಸುವುದಾದರೆ ಮುಂಚಿತವಾಗಿ ನೋಡಿಕೊಂಡಿರಬೇಕು. ಒಂದೇ ಗುರುತಿನ ಎರಡು ಟಾರ್ಚ್ ಬಲ್ಬುಗಳೂ ಸ್ವಲ್ಪ ಹೆಚ್ಚುಕಡಿಮೆ ಬೆಳಗುವುದುಂಟು. ಹಾಗಾದರೆ ಪಾಠ ತಲೆಕೆಳಗಾಗುತ್ತದೆ. ನಾಲ್ಕೈದು ಬಲ್ಬು ಪರೀಕ್ಷಿಸಿ ಹೊಂದುವ ಜೋಡಿ ಆರಿಸಿ. ಆದರೂ ವ್ಯತ್ಯಾಸ ಕಂಡರೆ ಎರಡರ ಜಾಗ ಅದಲುಬದಲು ಮಾಡಿ. ಹೆಚ್ಚು ಬೆಳಕು ಬಲ್ಬಿನ ಜೊತೆಗೇ ಹೋಗುತ್ತದೆ, ಜಾಗಕ್ಕೆ ಅಂಟಿಕೊಂಡಿರುವುದಿಲ್ಲ. ಸ್ಲೈಡಿಗಿಂತ ಇದು ಗಟ್ಟಿ ಸಾಕ್ಷಿ.

ಚಿತ್ರವನ್ನು ಹಿಂದಿನಿಂದ ಮುಂದಕ್ಕೆ ಕಟ್ಟುವುದು

ಪೀನ ಮಸೂರದ ಕಿರಣ ಚಿತ್ರ ಸ್ಲೈಡಿಗೆ ಹೇಳಿ ಮಾಡಿಸಿದ ವಿಷಯ. ಅದಕ್ಕೆ ಅನಿಮೇಷನ್ ಹಾಕಬೇಡಿ. ಹತ್ತು ಗೆರೆಗೆ ಹತ್ತು ಅನಿಮೇಷನ್ ಹಾಕಿದರೆ ಕ್ರಮ ತಪ್ಪುತ್ತದೆ, ಬೇರೆ ತಂತ್ರಾಂಶದಲ್ಲಿ ತೆರೆದಾಗ ಕೆಲವು ಮಾಯವಾಗುತ್ತವೆ, ಪಿಡಿಎಫ್ ಮಾಡಿದರೆ ಎಲ್ಲ ಒಂದರ ಮೇಲೊಂದು ಕೂರುತ್ತವೆ. ಬದಲಿಗೆ ಮೊದಲು ಪೂರ್ತಿಯಾದ ಕೊನೆಯ ಸ್ಲೈಡನ್ನು ಮಾಡಿ. ಎಡಗಡೆಯ ಸ್ಲೈಡ್ ಪಟ್ಟಿಯಲ್ಲಿ ಅದನ್ನು ಆಯ್ದು ನಕಲು ಮಾಡಿ. ಪವರ್‌ಪಾಯಿಂಟಿನಲ್ಲಿ ಕಂಟ್ರೋಲ್ ಮತ್ತು ಡಿ ಕೀ. ಎರಡು ನಕಲಿನಲ್ಲಿ ಮೇಲಿನದರಿಂದ ಒಂದು ಗೆರೆ ಅಳಿಸಿ. ಮತ್ತೆ ಅದರ ನಕಲು, ಮತ್ತೆ ಮೇಲಿನದರಿಂದ ಇನ್ನೊಂದು ಗೆರೆ. ಹೀಗೆ ಹಿಂದಕ್ಕೆ ಹೋಗುತ್ತ ಖಾಲಿ ಮಸೂರ ಉಳಿಯುವವರೆಗೆ. ಎಲ್ಲವೂ ಒಂದೇ ಮೂಲದ ನಕಲಾದ್ದರಿಂದ ಸ್ಲೈಡ್ ಬದಲಾಗುವಾಗ ಚಿತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ, ಹೊಸ ಗೆರೆ ಮಾತ್ರ ಮೂಡಿದಂತೆ ಕಾಣುತ್ತದೆ. ಮಗು ‘ಹಿಂದಕ್ಕೆ ಹೋಗಿ ಸರ್’ ಅಂದರೆ ಬಾಣದ ಕೀ ಒತ್ತಿದರೆ ಸಾಕು.

ಅಳತೆ ಹೀಗಿಟ್ಟುಕೊಳ್ಳಿ. 16:9 ಸ್ಲೈಡಿನ ಅಗಲ 33.87 ಸೆಂ.ಮೀ., ಎತ್ತರ 19.05 ಸೆಂ.ಮೀ. ಮಸೂರವನ್ನು ನಟ್ಟನಡುವೆ 10 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿ. ಸಂಗಮ ದೂರ 5 ಸೆಂ.ಮೀ. ವಸ್ತು ಎಡಕ್ಕೆ 15 ಸೆಂ.ಮೀ. ದೂರದಲ್ಲಿ, 4 ಸೆಂ.ಮೀ. ಎತ್ತರದ ಬಾಣ. ಆಗ ಪ್ರತಿಬಿಂಬ ಬಲಕ್ಕೆ 7.5 ಸೆಂ.ಮೀ.ನಲ್ಲಿ, ತಲೆಕೆಳಗಾಗಿ, 2 ಸೆಂ.ಮೀ. ಎತ್ತರಕ್ಕೆ ಬರುತ್ತದೆ. ಪ್ರಧಾನ ಅಕ್ಷಕ್ಕೆ ಸಮಾಂತರವಾಗಿ ಬಂದ ಕಿರಣ, ದೃಕ್ ಕೇಂದ್ರದ ಮೂಲಕ ಹೋದ ಕಿರಣ, ಎಡಗಡೆಯ ಸಂಗಮ ಬಿಂದುವಿನ ಮೂಲಕ ಬಂದ ಕಿರಣ, ಮೂರೂ ಅದೇ ತುದಿಯಲ್ಲಿ ಸೇರುತ್ತವೆ. ಮೂರನೆಯ ಕಿರಣ ಮಸೂರವನ್ನು ಅಕ್ಷಕ್ಕಿಂತ 2 ಸೆಂ.ಮೀ. ಕೆಳಗೆ ತಾಗುತ್ತದೆ, ಅಲ್ಲಿಂದ ಅಡ್ಡಡ್ಡ ಹೋಗುತ್ತದೆ. ಕಣ್ಣಂದಾಜಿನಲ್ಲಿ ಎಳೆದರೆ ಮೂರು ಕಿರಣ ಒಂದೆಡೆ ಸೇರುವುದೇ ಇಲ್ಲ. ಅದನ್ನು ನೋಡಿದ ಮಗು ನಿಯಮವನ್ನು ನಂಬಬೇಕಾದರೂ ಯಾಕೆ? ಗೆರೆಗಳ ಉದ್ದ ಮತ್ತು ಜಾಗವನ್ನು ಮೌಸಿನಿಂದ ಎಳೆಯದೆ ಗಾತ್ರ ಮತ್ತು ಸ್ಥಾನದ ಪೆಟ್ಟಿಗೆಯಲ್ಲಿ ಸಂಖ್ಯೆಯಾಗಿ ಕೊಡಿ. ಲಿಬ್ರೆಆಫೀಸ್ ಇಂಪ್ರೆಸ್‌ನಲ್ಲಿ ಎಫ್4 ಒತ್ತಿದರೆ ಅದು ತೆರೆಯುತ್ತದೆ.

ತರಗತಿಯಲ್ಲಿ ಈ ಸರಣಿಯನ್ನು ನಿಲ್ಲಿಸಬೇಕಾದ ಜಾಗ, ಮೊದಲ ಕಿರಣ ಮಸೂರವನ್ನು ತಲುಪಿದ ಸ್ಲೈಡ್. ಅಲ್ಲಿಗೇ ನಿಂತು, ಮುಂದಿನದನ್ನು ನೋಟ್‌ಬುಕ್ಕಿನಲ್ಲಿ ಮಕ್ಕಳೇ ಎಳೆಯಲಿ. ನಂತರ ಸ್ಲೈಡ್ ಮುಂದುವರಿಸಿದರೆ ತಮ್ಮ ಗೆರೆಯನ್ನು ತಾವೇ ತಿದ್ದಿಕೊಳ್ಳುತ್ತಾರೆ. ಚಿತ್ರ ಪೂರ್ತಿಯಾದ ಮೇಲೆ ಇನ್ನೊಂದು ಸ್ಲೈಡ್ ಸೇರಿಸಿ. ಅದೇ ಚಿತ್ರ, ಮಸೂರದ ಮೇಲರ್ಧಕ್ಕೆ ಕಪ್ಪು ಕಾಗದ ಅಂಟಿಸಿದಂತೆ. ಪ್ರತಿಬಿಂಬ ಏನಾಗುತ್ತದೆ? ಅರ್ಧ ಪ್ರತಿಬಿಂಬ ಮಾಯವಾಗುತ್ತದೆ ಎಂಬ ಉತ್ತರಕ್ಕೇ ಹೆಚ್ಚು ಮತ ಬೀಳುತ್ತದೆ. ಪೂರ್ತಿ ಪ್ರತಿಬಿಂಬ ಉಳಿದಿರುತ್ತದೆ, ಮಂಕಾಗುತ್ತದೆ ಅಷ್ಟೇ. ಚಿತ್ರದಲ್ಲಿ ಎಳೆದ ಮೂರು ಕಿರಣ ನಮ್ಮ ಅನುಕೂಲಕ್ಕೆ, ನಿಜದಲ್ಲಿ ವಸ್ತುವಿನ ಪ್ರತಿ ಬಿಂದುವಿನಿಂದ ಮಸೂರದ ಪ್ರತಿ ಭಾಗಕ್ಕೂ ಬೆಳಕು ಹೋಗುತ್ತಿರುತ್ತದೆ ಎಂಬುದು ಅರ್ಥವಾಗುವುದು ಈ ಪ್ರಶ್ನೆಯಿಂದಲೇ. ಒಂದು ಭೂತಗನ್ನಡಿ, ಒಂದು ಮೇಣದಬತ್ತಿ, ಒಂದು ಬಿಳಿ ಹಾಳೆ ಇದ್ದರೆ ಅಲ್ಲೇ ತೋರಿಸಿಬಿಡಬಹುದು.

ಕಿರಣ ಚಿತ್ರಗಳಲ್ಲಿ ಇನ್ನೊಂದು ಅಪಾಯವಿದೆ, ಅದು ಕಣ್ಣಿಗೆ ಬೀಳದೆ ಹೋಗುತ್ತದೆ. 4:3ರಲ್ಲಿ ಮಾಡಿದ ಹಳೆಯ ಸ್ಲೈಡನ್ನು 16:9ಕ್ಕೆ ಎಳೆದು ಹಿಗ್ಗಿಸಿದರೆ ಅಗಲ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ, ಎತ್ತರ ಹಾಗೇ ಇರುತ್ತದೆ. ವೃತ್ತ ಮೊಟ್ಟೆಯಾಗುತ್ತದೆ. ಲಂಬಕ್ಕೆ 45 ಡಿಗ್ರಿ ಅಂತ ಬರೆದ ಪತನ ಕೋನ ನಿಜವಾಗಿ 53 ಡಿಗ್ರಿ ಆಗಿರುತ್ತದೆ. ಕೋನಮಾಪಕ ಹಿಡಿದು ಅಳೆಯುವ ಮಗುವಿಗೆ ವಕ್ರೀಭವನದ ಲೆಕ್ಕವೇ ತಾಳೆಯಾಗುವುದಿಲ್ಲ. ಚಿತ್ರದ ಗಾತ್ರ ಬದಲಿಸುವಾಗ ಶಿಫ್ಟ್ ಕೀ ಒತ್ತಿಕೊಂಡು ಮೂಲೆಯಿಂದಲೇ ಎಳೆಯಬೇಕು. ಪ್ರೊಜೆಕ್ಟರಿನ ಪರದೆ ಅನುಪಾತವನ್ನೂ ಒಮ್ಮೆ ನೋಡಿಕೊಳ್ಳಬೇಕು.

ಅಳತೆಗೆ ತಕ್ಕ ನಕ್ಷೆ

ಮಂಜುಗಡ್ಡೆಯನ್ನು ಕಾಯಿಸುತ್ತ ಹೋದಾಗ ತಾಪ ಹೇಗೆ ಏರುತ್ತದೆ ಎಂಬ ನಕ್ಷೆಯನ್ನು ಅಂದಾಜಿಗೆ ಬರೆದಾಗ ಸಾಮಾನ್ಯವಾಗಿ ಕರಗುವಾಗಿನ ಮತ್ತು ಕುದಿಯುವಾಗಿನ ಎರಡು ಸಮತಟ್ಟು ಭಾಗಗಳೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದುಬಿಡುತ್ತವೆ. ಅಳತೆಗೆ ಬರೆದರೆ ಅದು ಬೇರೆಯೇ ಕಥೆ ಹೇಳುತ್ತದೆ. 100 ಗ್ರಾಂ ಮಂಜುಗಡ್ಡೆ, ಮೈನಸ್ 20 ಡಿಗ್ರಿ ಸೆಲ್ಸಿಯಸ್, 200 ವಾಟ್‌ನ ಹೀಟರ್, ಶಾಖ ಹೊರಗೆ ಸೋರುವುದಿಲ್ಲ ಎಂದುಕೊಳ್ಳಿ. ಸೊನ್ನೆ ಡಿಗ್ರಿಗೆ ಬರಲು ಸುಮಾರು 21 ಸೆಕೆಂಡು. ಕರಗಲು 167. ಕರಗಿದ ನೀರು 100 ಡಿಗ್ರಿ ಮುಟ್ಟಲು 209. ಎಲ್ಲ ನೀರೂ ಆವಿಯಾಗಲು 1130 ಸೆಕೆಂಡು. ಸ್ಲೈಡಿನಲ್ಲಿ ಕಾಲದ ಅಕ್ಷವನ್ನು 30 ಸೆಂ.ಮೀ. ಇಟ್ಟರೆ ನಾಲ್ಕು ತುಂಡುಗಳು ಕ್ರಮವಾಗಿ 0.4, 3.3, 4.1 ಮತ್ತು 22.2 ಸೆಂ.ಮೀ. ಬರುತ್ತವೆ.

ಮೊದಲು ಬರೀ ಅಕ್ಷಗಳನ್ನು ತೋರಿಸಿ, ಅದರ ಮೇಲೆ ಏನಿದೆ, ಏಕಮಾನವೇನು ಎಂದು ಮಕ್ಕಳಿಂದಲೇ ಓದಿಸಿ. ನಂತರ ‘ರೇಖೆ ಹೇಗೆ ಹೋಗುತ್ತದೆ, ಎರಡು ನಿಮಿಷದಲ್ಲಿ ಬರೆಯಿರಿ’ ಎನ್ನಿ. ಮುಂದೆ ಒಂದೊಂದೇ ತುಂಡು. ಕುದಿಯುವ ಭಾಗದ ಅಡ್ಡಗೆರೆ ಕಾಲದ ಅಕ್ಷದ ಸುಮಾರು ಮುಕ್ಕಾಲು ಭಾಗ ಆವರಿಸಿಕೊಂಡಾಗ ತರಗತಿಯೇ ಕೇಳುತ್ತದೆ, ಇಷ್ಟೊಂದು ಶಾಖ ಎಲ್ಲಿಗೆ ಹೋಗುತ್ತಿದೆ ಎಂದು. ಆ ಪ್ರಶ್ನೆ ಮಕ್ಕಳಿಂದ ಬಂದ ಮೇಲೆ ಗುಪ್ತೋಷ್ಣ (ತಾಪ ಏರಿಸದೆ ಸ್ಥಿತಿ ಬದಲಿಸುವುದಕ್ಕೇ ಖರ್ಚಾಗುವ ಶಾಖ) ಎಂಬ ಪದವನ್ನು ಕೊಡಬೇಕು, ಮೊದಲಲ್ಲ. 100 ಡಿಗ್ರಿಯ ನೀರಿಗಿಂತ 100 ಡಿಗ್ರಿಯ ಹಬೆ ಯಾಕೆ ಹೆಚ್ಚು ಸುಡುತ್ತದೆ ಎಂಬುದಕ್ಕೆ ಆಗ ಬೇರೆ ವಿವರಣೆಯೇ ಬೇಡ, ಆ ಉದ್ದ ಗೆರೆಯನ್ನು ಬೆರಳಿಟ್ಟು ತೋರಿಸಿದರೆ ಸಾಕು.

ಎಲ್ಲವನ್ನೂ ಅಳತೆಗೆ ತೋರಿಸಲಾಗುವುದಿಲ್ಲ. ಸೂರ್ಯನನ್ನು 1 ಸೆಂ.ಮೀ. ಚುಕ್ಕಿಯಾಗಿ ಬರೆದರೆ ಭೂಮಿ 107 ಸೆಂ.ಮೀ. ದೂರದಲ್ಲಿ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಇರಬೇಕು, ಸ್ಲೈಡಿನ ಆಚೆ ಎಲ್ಲೋ. ಪರಮಾಣುವಿನ ಬೀಜವನ್ನು 1 ಮಿ.ಮೀ. ಬರೆದರೆ ಪರಮಾಣು ಹತ್ತಾರು ಮೀಟರ್ ಅಗಲವಾಗುತ್ತದೆ. ಇಂಥ ಚಿತ್ರದ ಮೂಲೆಯಲ್ಲಿ ‘ಅಳತೆಗೆ ತಕ್ಕಂತಿಲ್ಲ’ ಎಂದು ಪ್ರತಿ ಸಲವೂ ಬರೆಯುವುದು ಶಿಕ್ಷಕರ ಕರ್ತವ್ಯ ಎಂದೇ ನಾನು ತಿಳಿಯುತ್ತೇನೆ. ಭೂಮಿಯ ಕಕ್ಷೆಯನ್ನು ಉದ್ದನೆಯ ಅಂಡಾಕಾರವಾಗಿ ತೋರಿಸುವ ಚಿತ್ರ ನೋಡಿ, ಬೇಸಿಗೆ ಬರುವುದು ಸೂರ್ಯ ಹತ್ತಿರವಾಗುವುದರಿಂದ ಎಂದು ಮಕ್ಕಳು ತೀರ್ಮಾನಿಸುತ್ತಾರೆ. ನಿಜವಾದ ಅಂತರ ಜನವರಿಯಲ್ಲಿ ಸುಮಾರು 14.7 ಕೋಟಿ ಕಿ.ಮೀ., ಜುಲೈನಲ್ಲಿ 15.2 ಕೋಟಿ. ಅಳತೆಗೆ ಬರೆದರೆ ಅದು ಕಣ್ಣಿಗೆ ವೃತ್ತವಾಗಿಯೇ ಕಾಣುತ್ತದೆ.

ಸೂಕ್ಷ್ಮದರ್ಶಕದ ಫೋಟೊ ಹಾಕಿ ಕೆಳಗೆ ‘400 ಪಟ್ಟು’ ಎಂದು ಬರೆದರೆ, 2 ಮೀಟರ್ ಪರದೆಗೆ ಹಿಗ್ಗಿದಾಗ ಆ ಸಂಖ್ಯೆ ಸುಳ್ಳಾಗುತ್ತದೆ. ಅದರ ಬದಲು ಅಳತೆಯ ಗೆರೆ ಹಾಕಿ. ಕಡಿಮೆ ವರ್ಧನೆಯಲ್ಲಿ ಈರುಳ್ಳಿ ಸಿಪ್ಪೆಯ ಫೋಟೊ ತೆಗೆದ ಮೇಲೆ, ಏನನ್ನೂ ಬದಲಿಸದೆ ಪಾರದರ್ಶಕ ಸ್ಕೇಲನ್ನು ಅದೇ ಜಾಗದಲ್ಲಿಟ್ಟು ಇನ್ನೊಂದು ಫೋಟೊ ತೆಗೆಯಿರಿ. ಎರಡನ್ನೂ ಸ್ಲೈಡಿನಲ್ಲಿ ಒಂದೇ ಗಾತ್ರಕ್ಕಿಟ್ಟು, ಸ್ಕೇಲಿನ 1 ಮಿ.ಮೀ. ಉದ್ದಕ್ಕೆ ಒಂದು ಗೆರೆ ಎಳೆದು, ಸ್ಕೇಲಿನ ಫೋಟೊ ಅಳಿಸಿ. ಗೆರೆಯನ್ನೂ ಚಿತ್ರವನ್ನೂ ಗುಂಪು ಮಾಡಿದರೆ ಮುಂದೆ ಎಷ್ಟೇ ಹಿಗ್ಗಿಸಿದರೂ ಅಳತೆ ಸರಿಯಾಗಿರುತ್ತದೆ. ಕೋಶದ ಉದ್ದ ಎಷ್ಟಿರಬಹುದು ಎಂದು ಮಕ್ಕಳು ಪರದೆಯ ಮೇಲೆಯೇ ಲೆಕ್ಕ ಹಾಕಬಹುದು.

ಬಾಣದ ಗುರುತಿನ ಬಗ್ಗೆ ಒಂದು ಮಾತು. ಬಲ, ಬೆಳಕು, ವಿದ್ಯುತ್ ಪ್ರವಾಹ, ಕ್ರಿಯೆಯ ದಿಕ್ಕು, ಆಹಾರ ಸರಪಳಿ, ಭಾಗದ ಹೆಸರು, ಎಲ್ಲಕ್ಕೂ ನಾವು ಬಾಣವನ್ನೇ ಬಳಸುತ್ತೇವೆ. ಹುಲ್ಲಿನಿಂದ ಮಿಡತೆಯ ಕಡೆಗೆ ಹೋಗುವ ಬಾಣವನ್ನು ‘ಹುಲ್ಲು ಮಿಡತೆಯನ್ನು ತಿನ್ನುತ್ತದೆ’ ಎಂದು ಓದುವ ಮಕ್ಕಳಿದ್ದಾರೆ, ಅದು ಅವರ ತಪ್ಪಲ್ಲ. ವರ್ಷವಿಡೀ ಒಂದು ಪದ್ಧತಿ ಇಟ್ಟುಕೊಳ್ಳಿ: ಬಲಕ್ಕೆ ದಪ್ಪ ಬಾಣ, ಬೆಳಕಿಗೆ ತೆಳು ಗೆರೆಯ ನಡುವೆ ಮೊನೆ, ಶಕ್ತಿಯ ಹರಿವಿಗೆ ಅಗಲ ಪಟ್ಟಿ, ಭಾಗದ ಹೆಸರಿಗೆ ಮೊನೆಯೇ ಇಲ್ಲದ ಗೆರೆ.

ಅಕ್ಷರ, ಬಣ್ಣ, ಮಾತು

ಕೊನೆಯ ಬೆಂಚಿಗೆ ಕಾಣುತ್ತದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಪರದೆ 2 ಮೀಟರ್ ಅಗಲ, ಕೊನೆಯ ಬೆಂಚು 8 ಮೀಟರ್ ದೂರ ಎಂದರೆ ದೂರ ಅಗಲದ ನಾಲ್ಕು ಪಟ್ಟು. ಲ್ಯಾಪ್‌ಟಾಪ್ ಪರದೆ 34 ಸೆಂ.ಮೀ. ಅಗಲವಿದ್ದರೆ ಅದರ ನಾಲ್ಕು ಪಟ್ಟು, ಸುಮಾರು 1.4 ಮೀಟರ್ ದೂರ ನಿಂತು ಓದಿ. ಕಷ್ಟವಾದರೆ ಅಕ್ಷರ ಚಿಕ್ಕದಾಯಿತು. ಕನ್ನಡಕ್ಕೆ 28 ಪಾಯಿಂಟಿಗಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು. ಸಣ್ಣ ಅಕ್ಷರದಲ್ಲಿ ದ, ಧ, ಥಗಳ ವ್ಯತ್ಯಾಸ ದೂರದಿಂದ ಅಳಿಸಿಹೋಗುತ್ತದೆ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲಿನ ಅಂತರ 1.2ರಿಂದ 1.3 ಇರಲಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಯೂನಿಕೋಡಿನಲ್ಲೇ ಟೈಪ್ ಮಾಡಿ. ಹಳೆಯ ಫಾಂಟುಗಳಲ್ಲಿ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ.

ಪ್ರೊಜೆಕ್ಟರ್ ಕಪ್ಪು ಬಣ್ಣವನ್ನು ಚೆಲ್ಲಲಾರದು. ಬೆಳಕು ಬೀಳದ ಜಾಗವೇ ಅದರ ಕಪ್ಪು. ಕಿಟಕಿ ತೆರೆದ ಕೋಣೆಯಲ್ಲಿ ಕಡು ನೀಲಿ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿ, ಮೇಲಿನ ಅಕ್ಷರವೂ ಮಸುಕಾಗುತ್ತದೆ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಅಲ್ಲಿ ಗೆಲ್ಲುತ್ತದೆ. ಬಿಳಿಯ ಮೇಲೆ ಹಳದಿ ಕಾಣುವುದೇ ಇಲ್ಲ. ಕೆಂಪು ಹಸಿರುಗಳ ವ್ಯತ್ಯಾಸ ತಿಳಿಯದ ಮಕ್ಕಳು ತರಗತಿಯಲ್ಲಿ ಇರಬಹುದು, ಹೆಚ್ಚಾಗಿ ಹುಡುಗರಲ್ಲಿ. ಆಮ್ಲಜನಕಯುಕ್ತ ರಕ್ತ, ಧನ ಋಣ, ಯಾವುದನ್ನೂ ಬಣ್ಣವೊಂದರಿಂದಲೇ ಹೇಳಬೇಡಿ. ಆಕಾರವೋ ಹೆಸರೋ ಜೊತೆಗಿರಲಿ.

ಬರೆದದ್ದನ್ನೇ ಗಟ್ಟಿಯಾಗಿ ಓದಬಾರದು ಎನ್ನುವುದಕ್ಕೆ ಕಾರಣವಿದೆ. ಶಿಕ್ಷಣ ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಸಂಶೋಧನೆಗಳು ತೋರಿಸಿದಂತೆ ಚಿತ್ರದ ಜೊತೆ ಮಾತು ಇದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ. ಚಿತ್ರ, ಮಾತು ಮತ್ತು ಅದೇ ಮಾತಿನ ಬರಹ ಮೂರೂ ಒಟ್ಟಿಗೆ ಬಂದರೆ ಕಣ್ಣು ಬರಹಕ್ಕೂ ಚಿತ್ರಕ್ಕೂ ಹರಿದಾಡಿ ಎರಡೂ ಅರ್ಧವಾಗುತ್ತವೆ. ಭಾಗಗಳ ಹೆಸರನ್ನು ಪಕ್ಕದ ಪಟ್ಟಿಯಲ್ಲಿ 1, 2, 3 ಎಂದು ಕೊಡದೆ ಚಿತ್ರದ ಭಾಗದ ಪಕ್ಕದಲ್ಲೇ ಬರೆಯಬೇಕು ಎನ್ನುವುದೂ ಅದೇ ಕಾರಣಕ್ಕೆ. ಬರೆದುಕೊಳ್ಳಲೇಬೇಕಾದ ವ್ಯಾಖ್ಯೆ ಇದ್ದರೆ ಅದಕ್ಕೊಂದು ಪ್ರತ್ಯೇಕ ಸ್ಲೈಡ್ ಕೊಟ್ಟು, ಮೂಲೆಯಲ್ಲಿ ಪೆನ್ನಿನ ಗುರುತು ಹಾಕಿ, ಅವರು ಬರೆದು ಮುಗಿಸುವವರೆಗೆ ಸುಮ್ಮನಿರಿ. ಗುರುತು ಇಲ್ಲದ ಸ್ಲೈಡಿನಲ್ಲಿ ಪೆನ್ನು ಕೆಳಗೆ ಎಂದು ಒಂದೆರಡು ವಾರದಲ್ಲಿ ರೂಢಿಯಾಗುತ್ತದೆ.

ವಿಡಿಯೊ ಮತ್ತು ಯಂತ್ರದ ತಾಪತ್ರಯ

ವಿಡಿಯೊ 20ರಿಂದ 40 ಸೆಕೆಂಡು ಸಾಕು. ಫಲಿತಾಂಶ ಬರುವ ಮುಂಚೆ ನಿಲ್ಲಿಸಲು ಬರುವಂತೆ ಎರಡು ತುಂಡು ಮಾಡಿ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟ ದೃಶ್ಯ ಇದಕ್ಕೆ ತಕ್ಕದ್ದು. ಸುತ್ತಿಗೆ 1.32 ಕಿಲೊ, ಗರಿ 30 ಗ್ರಾಂ. ಎರಡನ್ನೂ ಕೈಯಲ್ಲಿ ಹಿಡಿದು ನಿಂತ ಚೌಕಟ್ಟಿನಲ್ಲಿ ನಿಲ್ಲಿಸಿ ಮತ ಹಾಕಿಸಿ. ಧ್ವನಿ ಮುಚ್ಚಿರಲಿ, ಏಕೆಂದರೆ ಬಿಡುವ ಮುಂಚೆಯೇ ಅವರು ಒಟ್ಟಿಗೆ ಬೀಳುತ್ತವೆ ಎಂಬ ಸುಳಿವು ಕೊಟ್ಟುಬಿಡುತ್ತಾರೆ. ಸುಮಾರು 1.6 ಮೀಟರ್ ಎತ್ತರದಿಂದ ಬೀಳಲು ಅಲ್ಲಿ 1.4 ಸೆಕೆಂಡು ಬೇಕು, ಭೂಮಿಯ ಮೇಲೆ ಗಾಳಿ ಅಡ್ಡಬರದಿದ್ದರೆ 0.57 ಸೆಕೆಂಡು. ವಿಡಿಯೊದ ಕಾಲವನ್ನು ಮಕ್ಕಳೇ ಅಳೆದರೆ ಚಂದ್ರನ ಗುರುತ್ವ ಕೈಗೆ ಸಿಗುತ್ತದೆ. ಕೊಂಡಿ ಕೊಡುವ ಬದಲು ವಿಡಿಯೊವನ್ನು ಕಡತದೊಳಗೇ ಸೇರಿಸಿಡಿ, ಇಂಟರ್‌ನೆಟ್ ಕೈಕೊಡುವುದು ಪಾಠದ ನಡುವೆಯೇ. ತಾನಾಗಿ ಸುತ್ತುತ್ತಲೇ ಇರುವ ಜಿಫ್ ಚಿತ್ರಗಳನ್ನು ಬಿಡಿ. ಪರದೆಯಲ್ಲಿ ಏನೋ ಅಲುಗುತ್ತಿರುವಾಗ ನಿಮ್ಮ ಮುಖ ನೋಡುವವರು ಯಾರೂ ಇರುವುದಿಲ್ಲ.

ಸ್ಲೈಡ್ ಓಡುತ್ತಿರುವಾಗ ಬಿ ಕೀ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಪ್ರಯೋಗ ಮಾಡಿ ತೋರಿಸುವಾಗ ಇದನ್ನು ಒತ್ತಲೇಬೇಕು. ಸಂಖ್ಯೆ ಒತ್ತಿ ಎಂಟರ್ ಕೊಟ್ಟರೆ ನೇರ ಆ ಸ್ಲೈಡಿಗೆ ಹೋಗಬಹುದು. ಮುಖ್ಯ ಸ್ಲೈಡುಗಳ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಗುವಿನ ಪ್ರಶ್ನೆಗೆ ಎಲ್ಲ ಸ್ಲೈಡುಗಳನ್ನೂ ಹಿಂದಕ್ಕೆ ಓಡಿಸುತ್ತ ಹುಡುಕಬೇಕಾಗಿಲ್ಲ. ಪ್ರೊಜೆಕ್ಟರ್ ಸಿಕ್ಕಿಸಿದರೂ ಚಿತ್ರ ಬರದಿದ್ದರೆ ವಿಂಡೋಸ್ ಮತ್ತು ಪಿ ಕೀ ಒಟ್ಟಿಗೆ ಒತ್ತಿ, ನಕಲು ತೋರಿಸುವ ಆಯ್ಕೆ ಹಿಡಿಯಿರಿ. ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೊಂದು ಇರಲಿ. ಮೇಲೆ ಹೇಳಿದಂತೆ ನಕಲು ಸ್ಲೈಡುಗಳಿಂದ ಕಟ್ಟಿದ್ದರೆ ಹಂತಗಳೆಲ್ಲ ಅದರಲ್ಲೂ ಉಳಿದಿರುತ್ತವೆ.

ಪಾಠ ಮುಗಿದ ದಿನವೇ ಪ್ರತಿ ಪ್ರಶ್ನೆಯ ಸ್ಲೈಡಿನ ಕೆಳಗಿರುವ ಟಿಪ್ಪಣಿಯ ಜಾಗದಲ್ಲಿ ಯಾವ ಆಯ್ಕೆಗೆ ಎಷ್ಟು ಮತ ಬಂತು, ಚರ್ಚೆಯ ನಂತರ ಎಷ್ಟಾಯಿತು, ಮಕ್ಕಳು ಯಾವ ಮಾತಿನಲ್ಲಿ ವಾದಿಸಿದರು ಎಂದು ಎರಡು ಸಾಲು ಬರೆದಿಡಿ. ಯಾರೂ ಮುಟ್ಟದ ಆಯ್ಕೆಯನ್ನು ತೆಗೆದು, ಮಕ್ಕಳ ಬಾಯಿಂದ ಬಂದ ತಪ್ಪು ವಿವರಣೆಯನ್ನು ಅವರದೇ ಮಾತಿನಲ್ಲಿ ಆ ಜಾಗಕ್ಕೆ ಹಾಕಿದರೆ, ಮುಂದಿನ ವರ್ಷದ ತರಗತಿಗೆ ಆ ಪ್ರಶ್ನೆ ಇನ್ನೂ ಹರಿತವಾಗಿರುತ್ತದೆ.